ಕಂಬಕ್ಕೆ ಕಟ್ಟದ ಬಟ್ಟೆ

ಆ ವರ್ಷ ವಸಂತಕ್ಕೆ ತಲೆ ಕೆಟ್ಟಿತ್ತು. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಬೀಸಣಿಗೆ, ಸಂಜೆ ಛತ್ರಿ. ಒಂದೇ ದಿನದಲ್ಲಿ ಮೂರನ್ನೂ ಹೊತ್ತು ಓಡಾಡಿದ ಜನ ಆಕಾಶವನ್ನು ಬೈದು ಬೈದು ಸುಸ್ತಾಗಿದ್ದರು. ಆಕಾಶಕ್ಕೇನು, ಅದು ಯಾರ ಬೈಗುಳ ಕೇಳಿ ತಿದ್ದಿಕೊಂಡಿದೆ? ಮನುಷ್ಯರಾದರೆ ಬಾಗಿಲು ಹಾಕಿಕೊಂಡು ಒಳಗೆ ಕೂರಬಹುದು. ನೆಲದಲ್ಲಿ ಆಗಷ್ಟೇ ಬೇರು ಬಿಟ್ಟ ಗೇಣುದ್ದದ ಟೊಮೆಟೊ ಸಸಿ ಎಲ್ಲಿಗೆ ಹೋಗಬೇಕು?

ಕ್ವಾರ್ಟರ್ಸಿನ ಹಿಂದೆ, ನೀರಿನ ಟ್ಯಾಂಕಿಗೂ ಬಸ್ಸಿನ ರಸ್ತೆಗೂ ನಡುವೆ, ಇಪ್ಪತ್ತೆರಡು ಮನೆಯವರ ಇಪ್ಪತ್ತೆರಡು ತರಕಾರಿ ಪಟ್ಟಿಗಳಿದ್ದವು. ಒಂದೊಂದು ಪಟ್ಟಿಯೂ ಎರಡು ಮಂಚ ಸೇರಿಸಿ ಹಾಕಿದಷ್ಟು ಅಗಲ, ಹತ್ತು ಹೆಜ್ಜೆ ಉದ್ದ. ನಡುವೆ ಒಂದು ನಲ್ಲಿ. ರಸ್ತೆ ಕಡೆಗೆ ಆಳೆತ್ತರದ ಗೋಡೆ. ಮೂಲೆಯಲ್ಲಿ ಗುದ್ದಲಿ, ಸಲಿಕೆ ಇಡುವ ಸಣ್ಣ ಕೋಣೆ, ಅದರ ಪಕ್ಕದಲ್ಲಿ ಒಂದು ಹಳೆಯ ದೀಪದ ಕಂಬ. ದೀಪ ಕೆಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ತೋಟದ ಜನ ದಿನಕ್ಕೆ ಹತ್ತು ಸಲ ತಲೆಯೆತ್ತಿ ನೋಡುತ್ತಿದ್ದದ್ದು ಆ ಕಂಬವನ್ನೇ.

ಯಾಕೆಂದರೆ ಅಲ್ಲಿ ಹಗಲು ಎಷ್ಟೇ ಬೆಚ್ಚಗಿದ್ದರೂ ವಸಂತದ ಕೆಲವು ರಾತ್ರಿ ಇದ್ದಕ್ಕಿದ್ದಂತೆ ಹಿಮ ಬೀಳುತ್ತಿತ್ತು. ಎಲೆಯ ಮೇಲಿನ ತೇವ ಬೆಳಗಾಗುವಷ್ಟರಲ್ಲಿ ಉಪ್ಪಿನ ಹರಳಿನ ಹಾಗೆ ಗಟ್ಟಿಯಾಗಿ, ಎಳೆಯ ಸಸಿಯನ್ನು ಸುಟ್ಟುಬಿಡುತ್ತಿತ್ತು. ಸಂಜೆಯೇ ಸಸಿಯ ಮೇಲೊಂದು ಬಕೆಟ್ಟೋ ರಟ್ಟಿನ ಡಬ್ಬವೋ ಬೋರಲು ಹಾಕಿದರೆ ಉಳಿಯುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಅದನ್ನು ತೆಗೆಯಬೇಕು, ಮರೆತರೆ ಒಳಗೇ ಬೆಂದುಹೋಗುತ್ತದೆ. ದಿನಾ ಮಾಡುವ ಕೆಲಸವಲ್ಲ ಇದು, ಸೊಂಟ ಬಿದ್ದುಹೋಗುತ್ತದೆ. ಅದಕ್ಕೇ ತೋಟದವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಆಕಾಶ ನೋಡುವ ಕೆಲಸ ಒಬ್ಬರದು. ಹಿಮ ಬೀಳುವ ಸೂಚನೆ ಕಂಡರೆ ಅವರು ಐದು ಗಂಟೆಯೊಳಗೆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಕಂಡರೆ ಎಲ್ಲರೂ ಮುಚ್ಚುವುದು, ಕಾಣದಿದ್ದರೆ ಎಲ್ಲರೂ ನಿಶ್ಚಿಂತೆಯಿಂದ ಮಲಗುವುದು.

ಆ ಒಬ್ಬರೇ ಡಿಗ್ರಿ ಅಕ್ಕ. ಹೆಸರು ಕೇಳಿ ದೊಡ್ಡ ಓದು ಎಂದುಕೊಳ್ಳಬೇಡಿ, ಓದಿದ್ದು ಏಳನೇ ಕ್ಲಾಸು. ಆಲೂಗಡ್ಡೆ, ಸೇಬು ತುಂಬಿಡುವ ಕೋಲ್ಡ್ ಸ್ಟೋರೇಜಿನಲ್ಲಿ ಮೂವತ್ತೊಂದು ವರ್ಷ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಡಿಗ್ರಿ ಬರೆದಿಡುವ ಕೆಲಸ ಮಾಡಿ ನಿವೃತ್ತಳಾದವಳು. ಚಳಿ ಯಾವ ಬಾಗಿಲಿನಿಂದ ಬರುತ್ತದೆ, ಯಾವ ಮೂಲೆಯಲ್ಲಿ ಕೂರುತ್ತದೆ ಎಂಬುದು ಅವಳಿಗೆ ಮೈಗೇ ಗೊತ್ತಿತ್ತು. ಕೋಣೆಯ ಗೋಡೆಗೆ ತಗುಲಿಸಿದ್ದ ಥರ್ಮಾಮೀಟರ್ ಕೂಡ ಅವಳದೇ, ಕೆಲಸ ಬಿಡುವಾಗ ಜೊತೆಯವರು ಕೊಟ್ಟದ್ದು. ಬೇರೆಯವರ ಬೀಳ್ಕೊಡುಗೆಗೆ ಗಡಿಯಾರ ಸಿಕ್ಕರೆ ನನಗೆ ಇದು ಸಿಕ್ಕಿತು ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಅವಳ ಗ್ರಹಚಾರಕ್ಕೆ ಆ ವರ್ಷ ಆಕಾಶ ಅವಳ ಜೊತೆ ಆಟಕ್ಕೆ ನಿಂತಿತು. ಮೊದಲ ಸಲ ಬಟ್ಟೆ ಕಟ್ಟಿದಳು, ಇಪ್ಪತ್ತೆರಡು ಮನೆಯವರು ಬಕೆಟ್ಟು ಹೊತ್ತರು, ರಾತ್ರಿ ಎಲ್ಲಿಂದಲೋ ಮೋಡ ಬಂದು ಕಂಬಳಿಯ ಹಾಗೆ ಹೊದ್ದುಕೊಂಡಿತು. ಹಿಮ ಇಲ್ಲ. ಎರಡನೆಯ ಸಲ ಗಾಳಿ ಎದ್ದಿತು. ಹಿಮ ಇಲ್ಲ. ಮೂರನೆಯ ಸಲ ಬೆಳಗಿನ ಜಾವ ಮಳೆಯೇ ಬಂತು. ತೋಟದವರ ಕಣ್ಣಲ್ಲಿ ಅಕ್ಕ ತೋಳ ಬಂತು ತೋಳ ಎಂದು ಕೂಗುವ ಕುರಿಕಾಯುವವನ ಹಾಗಾದಳು. ಆ ಹುಡುಗ ಬೇಕೆಂದೇ ಸುಳ್ಳು ಹೇಳಿದ್ದ, ಅಕ್ಕ ಹೇಳಿರಲಿಲ್ಲ. ಆದರೆ ಸೊಂಟ ನೋಯುವವರಿಗೆ ಈ ವ್ಯತ್ಯಾಸ ಎಲ್ಲಿ ಕಾಣಬೇಕು?

ಮೂರನೆಯ ಸಲದ ಬೆಳಿಗ್ಗೆ ನಲ್ಲಿಯ ಹತ್ತಿರ ಎಲ್ಲರೂ ಒದ್ದೆ ರಟ್ಟು ಹಿಡಿದುಕೊಂಡು ನಿಂತಿದ್ದಾಗ ಅವಳ ಓರಗಿತ್ತಿ ಬಾಯಿ ಬಿಟ್ಟಳು. ಈ ಓರಗಿತ್ತಿ ಎಂದರೆ ಅಕ್ಕನ ಮೈದುನನ ಹೆಂಡತಿ. ಬಸ್ ಕಂಡಕ್ಟರ್. ಹಿಂದಿನ ಸೀಟಿನವರಿಗೂ ಒಂದೇ ಸಲಕ್ಕೆ ಕೇಳುವ ಗಂಟಲು. ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆ, ತೋಟ, ಡ್ಯೂಟಿ ಎಲ್ಲ ಒಬ್ಬಳ ತಲೆಯ ಮೇಲೆ. ಆ ವರ್ಷವೇ ಮೊದಲ ಬಾರಿಗೆ ಅವಳು ಅಂಗಡಿಯ ಸಸಿ ತರದೆ, ಅಡಿಗೆಮನೆಯ ಕಿಟಕಿಯಲ್ಲಿ ಕಾಗದದ ಟೀ ಲೋಟಗಳಲ್ಲಿ ಬೀಜ ಹಾಕಿ, ಎರಡು ತಿಂಗಳು ದಿನಾ ಬೆಳಿಗ್ಗೆ ಲೋಟಗಳನ್ನು ಬೆಳಕಿನ ಕಡೆಗೆ ತಿರುಗಿಸಿ ತಿರುಗಿಸಿ, ನಲವತ್ತು ಸಸಿ ಎಬ್ಬಿಸಿದ್ದಳು. ಹೇಗೆ ಮಾಡಬೇಕೆಂದು ಕಲಿಸಿಕೊಟ್ಟವಳು ಅಕ್ಕನೇ.

"ನಮ್ಮಕ್ಕಂಗೆ ಚಳಿ ಆದ್ರೆ ಬಟ್ಟೆ ಏರುತ್ತೆ, ಸೆಖೆ ಆದ್ರೆ ಇಳಿಯುತ್ತೆ," ಎಂದಳು ಓರಗಿತ್ತಿ. "ಯಾರಾದ್ರೂ ಅವರಿಗೊಂದು ಸ್ವೆಟರ್ ಹೆಣೆದು ಕೊಡ್ರಪ್ಪಾ. ನಮ್ಮೆಲ್ಲರ ಸೊಂಟ ಉಳಿಯುತ್ತೆ!"

ಎಲ್ಲರೂ ನಕ್ಕರು. ವೆಲ್ಡರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆಪಾಠದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. ಅಕ್ಕನೂ ನಕ್ಕಳು, ನಗದಿದ್ದರೆ ಮರ್ಯಾದೆಯಲ್ಲ. ಆಮೇಲೆ ತಿರುಗಿ ನೋಡಿದರೆ ಬಕೆಟ್ಟು ಹಿಡಿದು ಹಿಂದೆ ನಿಂತಿದ್ದ ಅವಳ ಗಂಡನೂ ನಗುತ್ತಿದ್ದ. ಅದು ಅವಳ ಎದೆಗೆ ನಾಟಿತು.

ಮರುದಿನ ಕಂಬಕ್ಕೆ ಯಾರೋ ಒಂದು ಮಗುವಿನ ಹಳೆಯ ಸ್ವೆಟರ್ ನೇತುಹಾಕಿದ್ದರು. ಅಕ್ಕ ಅದನ್ನು ಬಿಚ್ಚಿ, ಮಡಿಸಿ, ಮನೆಗೆ ತಂದು ಕೆಂಪು ಬಟ್ಟೆಯ ಜೊತೆಗೇ ಪೆಟ್ಟಿಗೆಯಲ್ಲಿಟ್ಟಳು. ಯಾರು ಮಾಡಿದ್ದು ಎಂದು ಕೇಳಲಿಲ್ಲ. ಕೇಳದೆಯೇ ಓರಗಿತ್ತಿಯ ಲೆಕ್ಕಕ್ಕೆ ಹಾಕಿದಳು.

ಹೀಗೆ ಎಂಟು ದಿನ ಕಳೆದು ಆ ಗುರುವಾರ ಬಂತು.

ಗುರುವಾರ ಮಧ್ಯಾಹ್ನ ಎಷ್ಟು ಚೆನ್ನಾಗಿತ್ತೆಂದರೆ ಜನ ಕಿಟಕಿ ತೆರೆದಿಟ್ಟು ಹಾಸಿಗೆ ಒಣಗಿಸಿದರು. ಮೂರು ಗಂಟೆಗೆ ಥರ್ಮಾಮೀಟರ್ ಇಪ್ಪತ್ತನ್ನು ತೋರಿಸುತ್ತಿತ್ತು. ನಾಲ್ಕಕ್ಕೆ ಹದಿನಾಲ್ಕು. ನಾಲ್ಕೂವರೆಗೆ ಹತ್ತು. ಗಾಳಿ ಸಂಪೂರ್ಣ ಬಿದ್ದುಹೋಗಿತ್ತು, ಟ್ಯಾಂಕಿನ ಪಕ್ಕದ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಅಕ್ಕ ಮಂಡಿಯೂರಿ ಮಣ್ಣಿನ ಮೇಲೆ ಅಂಗೈ ಇಟ್ಟಳು. ಮೇಲೆ ಬೆಚ್ಚಗಿತ್ತು, ಬೆರಳು ತೂರಿಸಿದರೆ ಕೆಳಗೆ ತಣ್ಣಗೆ. ಮೂವತ್ತೊಂದು ವರ್ಷದ ಅನುಭವದ ಮೈ ಹೇಳಿಬಿಟ್ಟಿತು, ಇವತ್ತು ಬೀಳುತ್ತದೆ.

ಮನೆಗೆ ಹೋಗಿ ಪೆಟ್ಟಿಗೆ ತೆಗೆದಳು. ಕೆಂಪು ಬಟ್ಟೆಯ ಮೇಲೆ ಆ ಸಣ್ಣ ಸ್ವೆಟರ್ ಕೂತಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಕಂಬದ ಬುಡಕ್ಕೆ ಬಂದಳು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬಟ್ಟೆಯ ತುದಿಯ ದಾರ ಬಿಡಿಸುತ್ತಿರುವಾಗ ವೆಲ್ಡರ್ ಸೈಕಲ್ ತಳ್ಳಿಕೊಂಡು ಹಾದುಹೋದ.

"ಏನಕ್ಕಾ, ಇಷ್ಟು ಬಿಸಿಲಲ್ಲೂ ಚಳಿನಾ? ಸ್ವೆಟರ್ ಸಾಕಾಗ್ಲಿಲ್ವಾ?"

"ಇಲ್ಲಪ್ಪ," ಎಂದಳು ಅಕ್ಕ. "ಮುಗ್ಗಲು ವಾಸನೆ ಬಂದಿತ್ತು. ಬಿಸಿಲಿಗೆ ಹಾಕೋಣ ಅಂತ ತಂದೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದೇ ನಿಜವಾಗಬೇಕಾಯಿತು. ಬಟ್ಟೆಯನ್ನು ಒಂದು ಸಲ ಕೊಡವಿದಳು, ಮಡಿಸಿದಳು. ಕಟ್ಟಿ ಹಿಮ ಬೀಳದಿದ್ದರೆ? ನಾಲ್ಕನೆಯ ಸಲ. ಓರಗಿತ್ತಿಯ ಗಂಟಲು ಏನು ಹೇಳೀತು ಎಂಬುದನ್ನು ಆಗಲೇ ಕೇಳಿಸಿಕೊಂಡಳು. ಕಟ್ಟದೆ ಹಿಮ ಬಿದ್ದರೆ? ಅಲ್ಲಿ ಅವಳ ಮನಸ್ಸು ಒಂದು ಕ್ಷಣ ನಿಂತಿತು. ಬಿದ್ದರೆ ಬೀಳಲಿ. ಗೊತ್ತಾಗಲಿ ಇವರಿಗೆ.

ಈ 'ಗೊತ್ತಾಗಲಿ' ಎಂಬುದು ಇದೆಯಲ್ಲ, ಅದನ್ನು ಅವಳು ಆಮೇಲೆ ಯಾರಿಂದಲೂ ಮುಚ್ಚಿಡಲಿಲ್ಲ. ಆದರೆ ಆ ಹೊತ್ತಿಗೆ ಅದು ನಾಲಿಗೆಯ ಮೇಲೆ ಸಿಹಿಯಾಗಿತ್ತು. ಮನುಷ್ಯರ ಮನಸ್ಸು ಇಷ್ಟೇ. ಮೂವತ್ತು ವರ್ಷ ನೆಟ್ಟಗಿದ್ದು ಹತ್ತು ನಿಮಿಷಕ್ಕೆ ಸೊಟ್ಟಗಾಗುತ್ತದೆ.

ಬಟ್ಟೆ ಕಟ್ಟಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಈ ಕತೆ ಬೇರೆಯಾಗುತ್ತಿತ್ತು. ಭಯಕ್ಕೆ ಕಟ್ಟಲಿಲ್ಲ ಎಂದು ಯಾರಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಆದರೆ ಐದೂವರೆಗೆ ಥರ್ಮಾಮೀಟರ್ ಏಳಕ್ಕಿಳಿದಾಗ ಅವಳು ಕೋಣೆಯಿಂದ ಹನ್ನೆರಡು ಪೇಂಟ್ ಬಕೆಟ್ಟು ತೆಗೆದು ತನ್ನ ಹನ್ನೆರಡು ಸಸಿಗೂ ಒಂದೊಂದು ಬೋರಲು ಹಾಕಿದಳು. ಅವಳ ಪಟ್ಟಿ ಕೋಣೆಯ ಹಿಂದಕ್ಕಿತ್ತು, ಮನೆಗಳ ಕಡೆಯಿಂದ ಕಾಣುತ್ತಿರಲಿಲ್ಲ. ಒಂದೊಂದು ಬಕೆಟ್ಟಿನ ಮೇಲೂ ಸದ್ದಾಗದಂತೆ ಒಂದೊಂದು ಕಲ್ಲಿಟ್ಟಳು.

ಮನೆಗೆ ಬಂದಾಗ ಗಂಡ ಚಪಾತಿ ಹಿಟ್ಟು ಕಲಸುತ್ತಿದ್ದ. ಅವನು ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನಾಗಿದ್ದು ನಿವೃತ್ತನಾದವನು. ಮಾತು ಕಡಿಮೆ, ಅಳತೆ ಹೆಚ್ಚು.

"ಚಳಿ ಇಳೀತಾ ಇದೆ ಅನ್ಸುತ್ತೆ," ಎಂದ. "ಬಟ್ಟೆ ಕಟ್ಟಿದ್ಯಾ?"

"ಇಲ್ಲ."

"ಬೀಳಲ್ವಾ ಹಾಗಾದ್ರೆ?"

"ನಂಗೇನು ಗೊತ್ತು, ನಾನೇನು ಆಕಾಶದ ಸೊಸೆನಾ?" ಎಂದು ಅಕ್ಕ ಸಿಡುಕಿದಳು.

ಅವನು ಅವಳ ಕೈ ನೋಡಿದ. ಬಕೆಟ್ಟಿನ ಹಿಡಿಯ ತುಕ್ಕು ಅಂಗೈಗೆ ಅಂಟಿತ್ತು. ಹಿಟ್ಟಿಗೆ ಇನ್ನಷ್ಟು ನೀರು ಹಾಕಿಕೊಂಡ.

ಬೆಳಕು ಹರಿಯುವ ಮುಂಚೆಯೇ ಅವಳು ತೋಟದಲ್ಲಿದ್ದಳು. ಹುಲ್ಲು ಕಾಲಡಿಯಲ್ಲಿ ಗರಿಗರಿ ಎನ್ನುತ್ತಿತ್ತು. ಇಪ್ಪತ್ತೆರಡು ಪಟ್ಟಿಯ ಮೇಲೂ ಯಾರೋ ಉಪ್ಪು ಎರಚಿ ಹೋದಂತಿತ್ತು. ಅವಳು ಹನ್ನೆರಡು ಬಕೆಟ್ಟು ತೆಗೆದು, ಒಂದರೊಳಗೊಂದು ಸೇರಿಸಿ, ಕೋಣೆಯೊಳಗಿಟ್ಟು, ಕಲ್ಲುಗಳನ್ನು ಗೋಡೆಯ ಬುಡಕ್ಕೆ ಎಸೆದಳು. ಅವಳ ಹನ್ನೆರಡು ಸಸಿಯೂ ನಿನ್ನೆಯಷ್ಟೇ ಹಸಿರಾಗಿ ನಿಂತಿದ್ದವು. ಅವುಗಳನ್ನು ನೋಡಿದಾಗ, ಗೊತ್ತಾಗಲಿ ಎಂದಾಗ ಸಿಹಿಯಾಗಿದ್ದದ್ದು ಬಾಯೊಳಗೆ ಹುಳಿಯಾಯಿತು.

ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ತೋಟವೆಲ್ಲ ಕಪ್ಪಾಯಿತು. ಹಿಮ ಕರಗಿದಂತೆ ಎಲೆಗಳು ಬೇಯಿಸಿ ಬಸಿದ ಸೊಪ್ಪಿನ ಹಾಗೆ ಕಾಂಡಕ್ಕೆ ಅಂಟಿಕೊಂಡವು. ಟೊಮೆಟೊ, ಬದನೆ, ಬೀನ್ಸ್, ಯಾವುದೂ ಉಳಿಯಲಿಲ್ಲ. ಜನ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಪಟ್ಟಿಯ ತುದಿಯಲ್ಲಿ ನಿಂತರು. ಅಕ್ಕ ನಲ್ಲಿಯ ಹತ್ತಿರ ಬೈಗುಳಕ್ಕಾಗಿ ಕಾದು ನಿಂತಿದ್ದಳು.

ಬೈಗುಳ ಬರಲಿಲ್ಲ. ವೆಲ್ಡರ್ ಬಂದು ತಲೆ ಕೆರೆದುಕೊಂಡ. "ತಪ್ಪು ನಮ್ದೇ ಅಕ್ಕಾ. ಅಷ್ಟು ಆಡಿಕೊಂಡ್ರೆ ಯಾರು ತಾನೇ ಕಟ್ತಾರೆ? ನಿನ್ನೆ ನೀವು ಅನುಮಾನದಲ್ಲಿ ಇದ್ರಿ ಅನ್ಸುತ್ತೆ, ನಾನೇ ಬಾಯಿ ಹಾಕ್ದೆ."

"ಯಾರಿಗೆ ಗೊತ್ತಾಗುತ್ತೆ ಬಿಡಿ," ಎಂದಳು ಅಕ್ಕ. ತನ್ನ ಧ್ವನಿ ತನಗೇ ಬೇರೆ ಯಾರದೋ ಎನಿಸಿತು.

ಅಷ್ಟರಲ್ಲಿ ಮೇಷ್ಟ್ರು ಕೋಣೆಯ ಹಿಂದಕ್ಕೆ ಹೋಗಿದ್ದವರು ಅಲ್ಲಿಂದಲೇ ಕೂಗಿದರು. "ಇಲ್ಲಿ ಬಂದು ನೋಡ್ರಪ್ಪ! ಅಮ್ಮನವರ ಸಸಿ ಹೇಗಿದೆ ನೋಡಿ!"

ಎಲ್ಲರೂ ಹೋಗಿ ನೋಡಿದರು. ಹನ್ನೆರಡೂ ಹಸಿರಾಗಿ ನಿಂತಿದ್ದವು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಅಕ್ಕ ತನ್ನ ಅಂಗೈ ನೋಡಿಕೊಂಡಳು.

"ಕೈಗುಣ ಅಂದ್ರೆ ಇದು," ಎಂದ ವೆಲ್ಡರ್.

"ಕೈಗುಣವೂ ಹೌದು, ಗೋಡೆಗುಣವೂ ಹೌದು," ಎಂದು ಮೇಷ್ಟ್ರು ಪಾಠ ಶುರು ಮಾಡಿದರು. "ಕೋಣೆ ಗೋಡೆ ಹಗಲೆಲ್ಲ ಬಿಸಿಲು ಕುಡಿಯುತ್ತೆ. ರಾತ್ರಿ ಆ ಬಿಸೀನ ನಿಧಾನಕ್ಕೆ ಬಿಡುತ್ತೆ. ಅದಕ್ಕೇ ಗೋಡೆ ಪಕ್ಕದ ಗಿಡ ಬದುಕಿದೆ. ಅಲ್ವೇನಮ್ಮ?"

ಅಕ್ಕ ತಲೆಯಾಡಿಸಿದಳು.

ಹಿಂದಿನ ಸಂಜೆ ಮಾಡಿದ್ದು ಒಂದು ತೂಕವಾದರೆ ಈ ತಲೆಯಾಡಿಸಿದ್ದು ಇನ್ನೊಂದು ತೂಕ. ಗೋಡೆ ಅವಳ ಕೊನೆಯ ಸಾಲಿನಿಂದ ಆರು ಹೆಜ್ಜೆ ದೂರವಿತ್ತು, ಬಿಸಿ ಅಲ್ಲಿಯವರೆಗೆ ನಡೆದುಕೊಂಡು ಬರುವುದಿಲ್ಲ. ಮೇಷ್ಟ್ರು ಹೇಳಿದ್ದನ್ನು ಎಲ್ಲರೂ ನಂಬಿದರು. ಬರುವ ವರ್ಷ ಸಸಿಯನ್ನು ಗೋಡೆ ಪಕ್ಕ ನೆಡೋಣ ಎಂದರು. ಒಬ್ಬಾಕೆ ಅಕ್ಕನ ಕೈ ಹಿಡಿದು, ನಿಮ್ಮದಾದರೂ ಉಳಿಯಿತಲ್ಲ, ಅಷ್ಟೇ ಸಂತೋಷ ಎಂದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಎಂದು ಅಕ್ಕನಿಗೆ ಅನ್ನಿಸಿದ್ದು ಆಗ. ನೆಲ ಯಾರ ಅನುಕೂಲಕ್ಕೂ ಬಾಯಿ ಬಿಡುವುದಿಲ್ಲ. ಮನೆಗೆ ಹೋಗಿ, ಕೈ ತೊಳೆದು, ಮತ್ತೆ ತೊಳೆದು, ತಿಂಡಿ ಮುಟ್ಟದೆ ಕೂತಳು.

ಓರಗಿತ್ತಿ ಅಂದು ಮೊದಲ ಬಸ್ಸಿನ ಡ್ಯೂಟಿಗೆ ನಸುಕಿನಲ್ಲೇ ಹೋಗಿದ್ದಳು. ಎರಡು ಗಂಟೆಗೆ ತೋಟಕ್ಕೆ ಬಂದಳು. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕೊರಳಲ್ಲಿ ಸೀಟಿ. ಯಾರನ್ನೂ ಮಾತಾಡಿಸದೆ ತನ್ನ ಪಟ್ಟಿಯ ತುದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಸತ್ತ ಸಸಿಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕೆ ಇಡತೊಡಗಿದಳು. ಎಸೆಯುತ್ತಿರಲಿಲ್ಲ, ಸಾಲಾಗಿ ಇಡುತ್ತಿದ್ದಳು.

ಅಕ್ಕ ಬಾಗಿಲಿನಿಂದ ನೋಡಿದಳು. ಗಂಡ ಪೇಪರಿನಿಂದ ತಲೆಯೆತ್ತದೆ, "ಹೋಗು," ಎಂದ. ಅಷ್ಟೇ ಹೇಳಿದ್ದು.

ಹೋಗಿ ಓರಗಿತ್ತಿಯ ಪಕ್ಕದಲ್ಲಿ ಕೂತು ಅವಳೂ ಒಂದು ಸಸಿ ಕಿತ್ತಳು. ಬುಡದ ಮಣ್ಣು ಇನ್ನೂ ಟೀ ಲೋಟದ ಆಕಾರದಲ್ಲೇ ಇತ್ತು.

"ಬೆಳಿಗ್ಗೆ ಡಿಪೋದಲ್ಲಿ ಬಸ್ಸಿನ ಗಾಜು ಕೆರೆದು ತೆಗೀಬೇಕಾಯ್ತು ಅಕ್ಕ," ಎಂದಳು ಓರಗಿತ್ತಿ. ಎಂದಿನ ಗಂಟಲು ಇರಲಿಲ್ಲ. "ಡ್ರೈವರ್ ತಗಡಿನ ಚೂರಲ್ಲಿ ಕೆರೀತಾ ಇದ್ರೆ ಪುಡಿಪುಡಿಯಾಗಿ ಬೀಳ್ತಾ ಇತ್ತು. ಆಗ್ಲೇ ಗೊತ್ತಾಯ್ತು ನಂಗೆ. ಟಿಕೆಟ್ ಕೊಡ್ತಾ ಕೊಡ್ತಾ ಅದೇ ಯೋಚ್ನೆ."

"ಹೂಂ," ಎಂದಳು ಅಕ್ಕ.

"ಒಂದು ಕೇಳ್ಲಾ?"

"ಕೇಳು."

"ನಿನ್ನೆ ಆರು ಗಂಟೆ ಟ್ರಿಪ್ಪಲ್ಲಿ ಬಸ್ಸು ಇಲ್ಲಿ ಗೇಟ್ ಹತ್ರ ನಿಂತಿತ್ತು. ಫುಟ್‌ಬೋರ್ಡ್ ಮೇಲೆ ನಿಂತ್ರೆ ಗೋಡೆ ಈಚೆ ಎಲ್ಲ ಕಾಣುತ್ತೆ. ನಿಮ್ಮ ಪಟ್ಟೀಲಿ ಬಕೆಟ್ ಬೋರಲು ಹಾಕಿತ್ತು." ಅವಳು ಇನ್ನೊಂದು ಸಸಿ ಕಿತ್ತು ಸಾಲಿಗೆ ಸೇರಿಸಿದಳು. "ನಂಗೆ ಎದೆ ಧಸಕ್ ಅಂತು. ಕಂಬ ನೋಡ್ದೆ. ಬಟ್ಟೆ ಇರ್ಲಿಲ್ಲ. ಓ, ಹಾಗಾದ್ರೆ ಬೇರೆ ಏನಕ್ಕೋ ಹಾಕಿರ್ಬೇಕು, ಹಿಮ ಬೀಳೋ ಹಾಗಿದ್ರೆ ಅಕ್ಕ ಬಟ್ಟೆ ಕಟ್ಟದೆ ಇರ್ತಾರಾ ಅಂದ್ಕೊಂಡೆ. ಏಳಕ್ಕೆ ಮನೆಗೆ ಬಂದೆ. ಬಕೆಟ್ ಎಲ್ಲ ಬಾಗಿಲಲ್ಲೇ ಇತ್ತು. ಮುಟ್ಲಿಲ್ಲ. ಊಟ ಮಾಡಿ ಮಲಗ್ದೆ."

ನಲ್ಲಿಯ ಹತ್ತಿರ ಅಷ್ಟು ನಗಿಸಿದವಳು, ಅಕ್ಕ ಎಂಟು ದಿನದಿಂದ ಮನಸ್ಸಿನಲ್ಲೇ ಬೈದುಕೊಂಡು ತಿರುಗಿದವಳು, ತನ್ನ ಕಣ್ಣಾರೆ ಕಂಡದ್ದಕ್ಕಿಂತ ಕಂಬಕ್ಕೆ ಬಟ್ಟೆ ಕಟ್ಟಿರದಿದ್ದುದನ್ನು ಹೆಚ್ಚು ನಂಬಿದ್ದಳು.

"ಗುಬ್ಬಿ ಕಾಟಕ್ಕಾ ಅಕ್ಕ?" ಎಂದಳು ಓರಗಿತ್ತಿ. "ಗುಬ್ಬಿಗಳು ಚಿಗುರು ಕುಕ್ತವೆ ಅಂತ ಹಾಕಿದ್ರಾ?"

ಕೇಳುವಾಗ ಅವಳು ಮುಖ ನೋಡಲಿಲ್ಲ. ಹೌದು ಎಂದರೆ ಸಾಕಿತ್ತು. ಬಾಗಿಲು ತೆರೆದು ಹಿಡಿದು ಒಳಗೆ ಬನ್ನಿ ಎಂದ ಹಾಗಿತ್ತು ಆ ಪ್ರಶ್ನೆ. ಬೆಳಿಗ್ಗೆ ಗೋಡೆಗೆ ತಲೆಯಾಡಿಸಿದವಳಿಗೆ ಗುಬ್ಬಿಗೆ ತಲೆಯಾಡಿಸುವುದೇನು ಕಷ್ಟ? ಅಕ್ಕನ ಕತ್ತು ಅರ್ಧ ಆಡಿಯೂ ಬಿಟ್ಟಿತ್ತು. ಆದರೆ ಎದುರಿಗೆ ಮಣ್ಣಿನ ಮೇಲೆ ಸಸಿಗಳು ಸಾಲಾಗಿ ಮಲಗಿದ್ದವು.

"ಗುಬ್ಬಿಗಲ್ಲ ಕಣೇ," ಎಂದಳು. "ಹಿಮ ಬೀಳುತ್ತೆ ಅಂತ ಗೊತ್ತಿತ್ತು. ಬಟ್ಟೆನೂ ತಂದಿದ್ದೆ. ಕಟ್ಲಿಲ್ಲ. ನಂದು ಮಾತ್ರ ಮುಚ್ಕೊಂಡೆ."

ಓರಗಿತ್ತಿಯ ಕೈ ನಿಂತಿತು.

"ಯಾಕಕ್ಕಾ?"

"ನೀನು ನಕ್ಕೆ ಅಂತ. ಎಲ್ಲರೂ ನಕ್ರು ಅಂತ. ಗೊತ್ತಾಗ್ಲಿ ಅಂದ್ಕೊಂಡೆ."

"ಸ್ವೆಟರ್ ಮಾತಿಗಾ?" ಓರಗಿತ್ತಿ ಈಗ ಮುಖ ನೋಡಿದಳು. "ನಾನು ಬಸ್ಸಲ್ಲಿ ದಿನಾ ನೂರು ಜನರ ಹತ್ರ ಅಂಥ ಮಾತು ಕೇಳ್ತೀನಿ, ಐವತ್ತು ಜನರಿಗೆ ಹೇಳ್ತೀನಿ. ಬೇಜಾರಾಯ್ತು ಅಂದಿದ್ರೆ ಆಗ್ಲೇ ಕಾಲು ಹಿಡೀತಿದ್ದೆ. ನಮ್ಮವರು ಅನ್ನೋ ಸಲಿಗೆಯಿಂದ ಆಡಿದ ಮಾತು ಅದು."

ಅವಳು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡು, ಚೀಲ ಹೆಗಲಿಗೇರಿಸಿ ಹೊರಟುಹೋದಳು. ಇನ್ನೂ ಹದಿನೈದು ಸಸಿ ಕೀಳುವುದಿತ್ತು. ಅಕ್ಕ ಅವುಗಳನ್ನು ಕಿತ್ತು ಅದೇ ಸಾಲಿಗೆ ಇಟ್ಟಳು.

ಸಂಜೆ ಜನ ನಲ್ಲಿಯ ಹತ್ತಿರ ಸೇರಿದಾಗ ಅವಳು ಕೆಂಪು ಬಟ್ಟೆ ಹಿಡಿದುಕೊಂಡು ಬಂದು ನಿಂತಳು. ಹಿಂದೆ ಗಂಡ ನಿಂತಿದ್ದ. ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಹತ್ತು ಡಿಗ್ರಿ, ಏಳು ಡಿಗ್ರಿ, ಹನ್ನೆರಡು ಬಕೆಟ್ಟು, ಎಲ್ಲವನ್ನೂ. ಹೇಳುವಾಗ ಕೋಲ್ಡ್ ಸ್ಟೋರೇಜಿನಲ್ಲಿ ವರದಿ ಓದುವ ಹಾಗೆ ನೆಟ್ಟಗೆ ನಿಂತಿದ್ದಳು.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲಕ್ಕಾ," ಎಂದ ವೆಲ್ಡರ್. ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. ಆಮೇಲೆ, "ಆ ಸ್ವೆಟರ್ ಕಟ್ಟಿದ್ದು ನಾನು. ನಮ್ಮ ಚಿಕ್ಕವಳದ್ದು," ಎಂದು ನೆಲ ನೋಡಿದ.

ಮೇಷ್ಟ್ರಿಗೆ ಬೇರೆಯೇ ನೋವು. "ಗೋಡೆ ಬಿಸಿಯಿಂದ ಅಂತ ಅಷ್ಟು ವಿವರವಾಗಿ ಹೇಳಿದೆನಲ್ಲಮ್ಮ. ನೀವು ತಲೆಯಾಡಿಸಿದಿರಲ್ಲ. ಪಾಠದ ಮಕ್ಕಳಿಗೂ ಹೇಳಿಬಿಟ್ಟೆ," ಎಂದರು. ಬೇರೆ ದಿನವಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

"ನನ್ನ ಕೈಲಿ ಇದು ಬೇಡ," ಎಂದು ಅಕ್ಕ ಬಟ್ಟೆ ಚಾಚಿದಳು. ಯಾರೂ ಕೈ ನೀಡಲಿಲ್ಲ. ಚಾಚಿದ ಕೈ ಸೋಲುವಷ್ಟು ಹೊತ್ತಾದ ಮೇಲೆ ಓರಗಿತ್ತಿ ಮುಂದೆ ಬಂದು, "ಕೊಡಿ," ಎಂದು ತೆಗೆದುಕೊಂಡಳು.

ಯಾರೂ ಬೈಯಲಿಲ್ಲ, ಬಹಿಷ್ಕಾರ ಹಾಕಲಿಲ್ಲ. ನೀರು ಬಂತಾ ಎಂದರೆ ಬಂತು ಎನ್ನುತ್ತಿದ್ದರು. ಗುದ್ದಲಿ ಕೊಡಿ ಎಂದರೆ ಕೊಡುತ್ತಿದ್ದರು. ಆದರೆ ಅವಳು ಬಂದರೆ ನಲ್ಲಿಯ ಹತ್ತಿರದ ಮಾತು ಸಣ್ಣಗಾಗುತ್ತಿತ್ತು. ಓರಗಿತ್ತಿ ಎದುರಿಗೆ ಸಿಕ್ಕರೆ ಊಟವಾಯಿತೇ ಎಂದು ಕೇಳುತ್ತಿದ್ದಳು. 'ಅಕ್ಕ' ಎಂಬ ಪದ ಮಾತ್ರ ಅವಳ ಬಾಯಿಂದ ಬಿದ್ದುಹೋಗಿತ್ತು. ಹದಿನೇಳು ವರ್ಷ ದಿನಕ್ಕೆ ಇಪ್ಪತ್ತು ಸಲ ಕೇಳಿಸುತ್ತಿದ್ದದ್ದು ಒಮ್ಮೆಲೇ ನಿಂತುಹೋದರೆ ಕಿವಿ ಹುಡುಕುತ್ತದೆ.

ಹನ್ನೆರಡು ಸಸಿಯನ್ನು ಕಿತ್ತು ಹಂಚೋಣ ಎಂದುಕೊಂಡಳು, ಕಿತ್ತರೆ ಸಾಯುತ್ತವೆ. ಹಾಗಾಗಿ ಎರಡು ವಾರ ಕಾದು, ಎಲೆಯ ಕಂಕುಳಲ್ಲಿ ಬರುವ ಮರಿಚಿಗುರುಗಳನ್ನು ಚಿವುಟಿ ತಂದು ಕಿಟಕಿಯಲ್ಲಿ ನೀರಿನ ಲೋಟಗಳಲ್ಲಿ ಇಟ್ಟಳು. ಹತ್ತು ದಿನಕ್ಕೆ ಬೇರು ಬಂತು. ಒಂದು ಬೆಳಿಗ್ಗೆ ಯಾರೂ ಏಳುವ ಮುಂಚೆ ಇಪ್ಪತ್ತೊಂದು ಪಟ್ಟಿಗೂ ಒಂದೊಂದು ನೆಟ್ಟು ಬಂದಳು. ಅದನ್ನು ಯಾರೂ ಹೊಗಳಲಿಲ್ಲ, ಯಾರೂ ಕೀಳಲೂ ಇಲ್ಲ. ಅಂಗಡಿಯಿಂದ ತಂದು ಮತ್ತೆ ನೆಟ್ಟಿದ್ದ ಸಸಿಗಳ ಜೊತೆಗೇ ಎಲ್ಲರೂ ಅದಕ್ಕೂ ನೀರು ಹಾಕಿದರು.

ತಿಂಗಳು ಮುಗಿಯುತ್ತ ಬಂದಾಗ, ಇನ್ನು ಚಳಿಯ ಮಾತೇ ಇಲ್ಲ ಎಂದು ಎಲ್ಲರೂ ಉಣ್ಣೆ ಬಟ್ಟೆ ಒಗೆದು ಒಳಗಿಟ್ಟ ಮೇಲೆ, ಒಂದು ಸಂಜೆ ಗಾಳಿ ಮತ್ತೆ ಬಿದ್ದುಹೋಯಿತು. ನಾಲ್ಕೂವರೆಗೆ ಓರಗಿತ್ತಿ ಖಾಕಿಯಲ್ಲೇ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಬಟ್ಟೆ.

"ಹನ್ನೊಂದು ತೋರಿಸ್ತಿದೆ," ಎಂದಳು. "ಕಟ್ಲಾ ಬೇಡ್ವಾ?"

ಅಕ್ಕ ಹೊರಗೆ ಬಂದು ಆಕಾಶ ನೋಡಿದಳು. ಪಶ್ಚಿಮದಲ್ಲಿ ಬೆರಳಗಲದ ಒಂದು ಮೋಡವಿತ್ತು. ಅದು ದೊಡ್ಡದಾಗಲೂಬಹುದು, ಕರಗಲೂಬಹುದು.

"ಸರಿಯಾಗಿ ಹೇಳಕ್ಕಾಗಲ್ಲ," ಎಂದಳು. "ಅನುಮಾನ ಇದೆ."

"ಅನುಮಾನ ಇದ್ರೆ ಕಟ್ತೀನಿ," ಎಂದು ಓರಗಿತ್ತಿ ಹೋಗಿ ಕಟ್ಟಿದಳು. ಇಪ್ಪತ್ತೆರಡು ಮನೆಯವರೂ ಬಂದು ಬಕೆಟ್ಟು ಹೊತ್ತರು, ರಟ್ಟು ಹೊತ್ತರು, ಕತ್ತಲಾಗುವವರೆಗೆ ಬಗ್ಗಿ ಬಗ್ಗಿ ಮುಚ್ಚಿದರು. ಅಕ್ಕ ಎಲ್ಲರದ್ದೂ ಮುಗಿದ ಮೇಲೆ ತನ್ನದನ್ನು ಮುಚ್ಚಿದಳು.

ಹಿಮ ಬೀಳಲಿಲ್ಲ. ಬೆರಳಗಲದ ಮೋಡ ಆಕಾಶವಿಡೀ ಹರಡಿ ಬೆಳಗಿನ ಹೊತ್ತಿಗೆ ಬೆವರುವಷ್ಟು ಸೆಖೆಯಾಯಿತು. ಜನ ಬಂದು ಬಕೆಟ್ಟು ಎತ್ತತೊಡಗಿದರು. ಅಕ್ಕ ನಲ್ಲಿಯ ಹತ್ತಿರ ನಿಂತು 'ಸ್ವೆಟರ್' ಎಂಬ ಮಾತಿಗಾಗಿ ಕಾದಳು. ಒಬ್ಬರಾದರೂ ಅನ್ನಲಿ. ವೆಲ್ಡರ್ ಅನ್ನಲಿ, ಅವನಿಗೆ ಬಾಯಿ ನಿಲ್ಲುವುದಿಲ್ಲ. ಮೇಷ್ಟ್ರು ಸೊಂಟ ಹಿಡಿದುಕೊಂಡು ಏನಾದರೂ ಗೊಣಗಲಿ. ಓರಗಿತ್ತಿ ಆ ಗಂಟಲಿನಲ್ಲಿ ಇಡೀ ಕ್ವಾರ್ಟರ್ಸಿಗೆ ಕೇಳುವ ಹಾಗೆ ನಗಿಸಲಿ, ಗಂಡನೂ ನಗಲಿ.

ವೆಲ್ಡರ್ ಬಕೆಟ್ಟುಗಳನ್ನು ಒಂದರೊಳಗೊಂದು ಸೇರಿಸಿ, "ಬರ್ತೀನಮ್ಮ," ಎಂದು ಹೋದ. ಅವನೂ ಈಗ ಅಕ್ಕ ಎನ್ನಲಿಲ್ಲ. ಮೇಷ್ಟ್ರು ಕೈ ಮುಗಿದು ಹೋದರು. ಓರಗಿತ್ತಿ ಕಂಬದಿಂದ ಬಟ್ಟೆ ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ ಚೀಲದಲ್ಲಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಗೇಟು ದಾಟಿದಳು. ಯಾರೂ ನಗಲಿಲ್ಲ.